ಅಡ್ಡ ವೇಗ: ಆಟದ ಚಂದ್ರನ ಮೇಲೆ ನೌಕೆ ಇಳಿಸಲು ಕಲಿತ ಬಗೆ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇದೆ. ಅದರ ಪರದೆಯಲ್ಲಿ ಪುಟ್ಟ ನೌಕೆಯೊಂದು ಬೂದು ಬಣ್ಣದ ಗೋಳವನ್ನು ಸುತ್ತುತ್ತಿದೆ. ಈ ಆಟದ ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೋ ಸಿಟಿಯ ಸ್ಕ್ವಾಡ್ ಎಂಬ ಕಂಪನಿಯಲ್ಲಿ ಫೆಲಿಪೆ ಫಲಾಂಗೆ ಎಂಬುವರು ಇದನ್ನು ಶುರು ಮಾಡಿದರು. 2011ರ ಜೂನ್‌ನಲ್ಲಿ ಮೊದಲ ಸಲ ಜನರ ಕೈಗೆ ಬಂತು. 2015ರ ಏಪ್ರಿಲ್‌ನಲ್ಲಿ ಪೂರ್ತಿ ಆವೃತ್ತಿ ಬಂತು. ಇದರಲ್ಲಿ ಭೂಮಿಯ ಜಾಗದಲ್ಲಿ ಕರ್ಬಿನ್ ಎಂಬ ಗ್ರಹವಿದೆ, ಚಂದ್ರನ ಜಾಗದಲ್ಲಿ ಮುನ್ ಇದೆ. ರಾಕೆಟ್ಟನ್ನು ನಾವೇ ಜೋಡಿಸಬೇಕು, ನಾವೇ ಹಾರಿಸಬೇಕು, ನಾವೇ ಇಳಿಸಬೇಕು.

ಹಾರಿಸುವುದು ಎರಡು ಮೂರು ದಿನದಲ್ಲಿ ಕೈಗೆ ಹತ್ತುತ್ತದೆ. ಇಳಿಸುವುದಕ್ಕೆ ನನಗೆ ಮೂರು ವಾರ ಬೇಕಾಯಿತು. ರಾತ್ರಿ ಊಟ ಮುಗಿಸಿ ಕೂತರೆ ಹನ್ನೆರಡು ಗಂಟೆಯವರೆಗೂ ಅದೇ ಕೆಲಸ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಪ್ರತಿ ಸಲ ನೌಕೆ ಒಡೆದಾಗ ಯಾವ ಎತ್ತರ, ಯಾವ ವೇಗ, ಎಷ್ಟು ಇಂಧನ ಉಳಿದಿತ್ತು ಅಂತ ಬರೆಯುತ್ತಿದ್ದೆ. ಇವತ್ತು ಹೇಳುವುದೆಲ್ಲ ಆ ನೋಟ್‌ಬುಕ್ಕಿನಿಂದಲೇ.

ಮೊದಲು ಒಂದು ಬಸ್ಸನ್ನು ನೆನೆಸಿಕೊಳ್ಳಿ. ಬಸ್ಸಿನ ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಒಂದು, ಒಂದೂವರೆ ಅಡಿ. ಅಷ್ಟು ಎತ್ತರದಿಂದ ಕಾಲಿಟ್ಟರೆ ಮಕ್ಕಳೂ ಬೀಳುವುದಿಲ್ಲ. ಅದೇ ಬಸ್ಸು ಓಡುತ್ತಿರುವಾಗ ಇಳಿದು ನೋಡಿ. ನಮ್ಮನ್ನು ಬೀಳಿಸುವುದು ಎತ್ತರವಲ್ಲ, ಬಸ್ಸಿನ ಓಟ. ನೆಲ ನಿಂತಿದೆ, ನಾವು ಇನ್ನೂ ಮುಂದಕ್ಕೆ ಹೋಗುತ್ತಿದ್ದೇವೆ.

ಮುನ್ ಸುತ್ತ 15 ಕಿ.ಮೀ. ಎತ್ತರದಲ್ಲಿ ತಿರುಗುವ ನೌಕೆಯ ಓಟ ಸೆಕೆಂಡಿಗೆ ಸುಮಾರು 550 ಮೀಟರ್. ಗಂಟೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 2000 ಕಿ.ಮೀ. ಆ ಓಟವೆಲ್ಲ ಅಡ್ಡಕ್ಕೆ, ಕೆಳಕ್ಕೆ ಒಂದಿಷ್ಟೂ ಇಲ್ಲ. ನಾನು ಮೊದಲ ದಿನಗಳಲ್ಲಿ ನೌಕೆಯ ಮೂತಿಯನ್ನು ನೆಲದ ಕಡೆ ತಿರುಗಿಸಿ ಎಂಜಿನ್ ಉರಿಸುತ್ತಿದ್ದೆ. ಕೆಳಗೆ ಹೋಗಬೇಕು ತಾನೇ, ಕೆಳಗೆ ನೋಡಿ ತಳ್ಳಿದರಾಯಿತು ಅಂತ. ನೌಕೆ ಕೆಳಗೆ ಹೋಯಿತು, ನಿಜ. ಆದರೆ ಅಡ್ಡ ವೇಗ ಹಾಗೇ ಇತ್ತು. ಗುಡ್ಡವೊಂದಕ್ಕೆ ಪಕ್ಕದಿಂದ ಬಡಿಯಿತು. ನೋಟ್‌ಬುಕ್ಕಿನ ಮೊದಲ ಆರು ಸಾಲುಗಳಲ್ಲಿ ಇದೇ ಕಥೆ.

ಸುತ್ತುವ ನೌಕೆಯನ್ನು ಇಳಿಸಬೇಕಾದರೆ ಕೆಳಗೆ ತಳ್ಳುವ ಅಗತ್ಯವೇ ಇಲ್ಲ. ಅಡ್ಡ ಓಟವನ್ನು ತೆಗೆದರೆ ಸಾಕು, ಉಳಿದದ್ದನ್ನು ಮುನ್ ತಾನೇ ನೋಡಿಕೊಳ್ಳುತ್ತದೆ.

ಇಳಿಸುವ ಆಟ ಹೊಸದೇನಲ್ಲ. 1969ರಲ್ಲಿ, ಅಪೊಲೊ 11 ಚಂದ್ರನ ಮೇಲೆ ಇಳಿದ ವರ್ಷವೇ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಜಿಮ್ ಸ್ಟೋರರ್ ಎಂಬ ಹುಡುಗ ಪಿಡಿಪಿ-8 ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದ. ಚಿತ್ರ ಇಲ್ಲ, ಪರದೆ ಇಲ್ಲ, ಟೈಪ್ ಆಗಿ ಬರುವ ಅಂಕಿಗಳು ಮಾತ್ರ. ಪ್ರತಿ 10 ಸೆಕೆಂಡಿಗೊಮ್ಮೆ ಎತ್ತರ, ವೇಗ, ಉಳಿದ ಇಂಧನ ತೋರಿಸುತ್ತಿತ್ತು. ಎಷ್ಟು ಇಂಧನ ಉರಿಸಬೇಕು ಅಂತ ನೀವು ಹೇಳಬೇಕಿತ್ತು. ನನಗೆ ಈ ಆಟದ ಬಗ್ಗೆ ತುಂಬ ಪ್ರೀತಿ ಇದೆ. ಆದರೆ ಅದರಲ್ಲಿ ಮೇಲೆ, ಕೆಳಗೆ ಎರಡೇ ದಿಕ್ಕು. ಅಡ್ಡ ವೇಗ ಇಲ್ಲವೇ ಇಲ್ಲ. ಹತ್ತು ವರ್ಷದ ನಂತರ, 1979ರಲ್ಲಿ, ಅಟಾರಿ ಕಂಪನಿಯ ಲೂನಾರ್ ಲ್ಯಾಂಡರ್ ಬಂತು. ಅದರ ಪರದೆಯ ಮೂಲೆಯಲ್ಲಿ ಎರಡು ವೇಗಗಳನ್ನು ಬೇರೆ ಬೇರೆ ತೋರಿಸುತ್ತಿದ್ದರು: ಅಡ್ಡ ವೇಗ ಒಂದು, ಇಳಿಯುವ ವೇಗ ಒಂದು. ಇಂಧನ ಜಾಸ್ತಿ ಬೇಕಾದರೆ ಇನ್ನೊಂದು ನಾಣ್ಯ ಹಾಕಬೇಕಿತ್ತು.

ಕರ್ಬಲ್‌ನಲ್ಲಿ ಆ ಎರಡು ವೇಗಗಳನ್ನು ಒಟ್ಟಿಗೆ ಹಿಡಿಯುವ ಒಂದು ಸಾಧನ ಇದೆ. ಪರದೆಯ ಕೆಳಗೆ ನಡುವಿನಲ್ಲಿ ಕಾಣುವ ಗೋಳ, ನ್ಯಾವ್‌ಬಾಲ್. ಅರ್ಧ ನೀಲಿ, ಅರ್ಧ ಕಂದು. ನೀಲಿ ಎಂದರೆ ಆಕಾಶ, ಕಂದು ಎಂದರೆ ನೆಲ. ಅದರ ಮೇಲೆ ಒಂದು ವೃತ್ತ, ವೃತ್ತದೊಳಗೆ ಕತ್ತರಿ ಗುರುತು. ಅದು ರೆಟ್ರೋಗ್ರೇಡ್, ಅಂದರೆ ನೀವು ಹೋಗುತ್ತಿರುವ ದಿಕ್ಕಿಗೆ ನೇರ ವಿರುದ್ಧ. ನೌಕೆಯ ಮೂತಿಯನ್ನು ಆ ಗುರುತಿಗೆ ಹಿಡಿದು ಎಂಜಿನ್ ಉರಿಸಿ. ಮೊದಲು ಗುರುತು ನೀಲಿ, ಕಂದು ಸೇರುವ ಗೆರೆಯ ಮೇಲೆ ಇರುತ್ತದೆ, ಯಾಕೆಂದರೆ ಓಟವೆಲ್ಲ ಅಡ್ಡ. ಅಡ್ಡ ವೇಗ ಕಡಿಮೆಯಾದಂತೆ ನೌಕೆ ಬೀಳಲು ಶುರುವಾಗುತ್ತದೆ. ಆಗ ಗುರುತು ತಾನಾಗಿಯೇ ನೀಲಿಯೊಳಕ್ಕೆ ಏರುತ್ತದೆ. ನೀವು ಅದರ ಹಿಂದೆ ಹೋಗಬೇಕು, ಅಷ್ಟೇ. ಅಡ್ಡ ವೇಗ ಪೂರ್ತಿ ಕಳೆದಾಗ ಗುರುತು ನೀಲಿಯ ನಟ್ಟನಡುವೆ ಬಂದು ನಿಲ್ಲುತ್ತದೆ, ನೌಕೆಯೂ ನೆಟ್ಟಗೆ ನಿಂತಿರುತ್ತದೆ. ಇದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೇ ಗುರುತನ್ನು ನಂಬಿ ಹಿಂಬಾಲಿಸಿದರೆ ನೌಕೆ ಮಲಗಿದ್ದಲ್ಲಿಂದ ಎದ್ದು ನಿಲ್ಲುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು.

ನ್ಯಾವ್‌ಬಾಲಿನ ಮೇಲೆ ವೇಗದ ಅಂಕಿ ಇದೆಯಲ್ಲ, ಅದನ್ನು ಕ್ಲಿಕ್ ಮಾಡಿದರೆ ಆರ್ಬಿಟ್ ವೇಗ, ಸರ್ಫೇಸ್ ವೇಗ ಅಂತ ಬದಲಾಗುತ್ತದೆ. ಸುಮ್ನೆ ಹೆಸರಿನ ವ್ಯತ್ಯಾಸ ಅಂದುಕೊಂಡಿದ್ದೆ. ಮುನ್ ಕೂಡ ತನ್ನ ಸುತ್ತ ತಿರುಗುತ್ತದೆ. ಅದರ ನಡುಗೆರೆಯ ಮೇಲಿನ ನೆಲ ಸೆಕೆಂಡಿಗೆ ಸುಮಾರು 9 ಮೀಟರ್ ಸರಿಯುತ್ತಿರುತ್ತದೆ. ಆರ್ಬಿಟ್ ವೇಗವನ್ನು ಸೊನ್ನೆ ಮಾಡಿದರೆ ನೀವು ನಿಂತಿದ್ದೀರಿ, ಆದರೆ ನೆಲ ಓಡುತ್ತಿದೆ. ಮತ್ತೆ ಅದೇ ಬಸ್ಸು, ಅಲ್ವಾ? ಕೆಳಗೆ ಹೋದಂತೆ ಆಟ ತಾನೇ ಸರ್ಫೇಸ್‌ಗೆ ಬದಲಾಯಿಸುತ್ತದೆ. ಆದರೂ ಒಮ್ಮೆ ಕಣ್ಣು ಹಾಯಿಸಿ.

ಇನ್ನೊಂದು ಎಚ್ಚರಿಕೆ, ಕೊನೆಯ 20 ಮೀಟರಿನದು. ನೌಕೆಯ ಯಂತ್ರಕ್ಕೆ ರೆಟ್ರೋಗ್ರೇಡ್ ಹಿಡಿದುಕೋ ಅಂತ ಹೇಳಿಬಿಡಬಹುದು, ಅದು ತಾನೇ ಹಿಡಿದಿರುತ್ತದೆ. ಒಂದು ರಾತ್ರಿ ಎಲ್ಲ ಸರಿಯಾಗಿತ್ತು. ಕಾಲುಗಳು ತೆರೆದಿದ್ದವು, ನೆರಳು ನೌಕೆಯ ಹತ್ತಿರಕ್ಕೆ ಬರುತ್ತಿತ್ತು. ಗಾಬರಿಯಲ್ಲಿ ಎಂಜಿನ್ ಸ್ವಲ್ಪ ಜಾಸ್ತಿ ಉರಿಸಿದೆ. ನೌಕೆ ಇಳಿಯುವುದು ನಿಂತು ಮೇಲೇರತೊಡಗಿತು. ಮೇಲೆ ಹೋಗುವ ನೌಕೆಗೆ ವಿರುದ್ಧ ದಿಕ್ಕು ಯಾವುದು? ಕೆಳಗೆ. ಯಂತ್ರ ಹೇಳಿದ ಮಾತನ್ನು ಪಾಲಿಸಿತು. ನೌಕೆ ತಲೆಕೆಳಗಾಯಿತು, ಉರಿಯುವ ಎಂಜಿನ್ ಅದನ್ನು ನೆಲಕ್ಕೆ ತಳ್ಳಿತು. ಅಂದಿನಿಂದ ಕೊನೆಗೆ ಬರುವಾಗ ರೆಟ್ರೋಗ್ರೇಡ್ ಬಿಟ್ಟು, ನೆಟ್ಟಗೆ ನಿಲ್ಲಿಸಿ, ನಾನೇ ಹಿಡಿಯುತ್ತೇನೆ.

ಈಗ ಎತ್ತರದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು.

ಪರದೆಯ ಮೇಲ್ಭಾಗದಲ್ಲಿ ಎತ್ತರ ತೋರಿಸುವ ಅಂಕಿ ಇದೆ. ಅದು ಯಾವುದರಿಂದ ಎತ್ತರ? ಸಮುದ್ರ ಮಟ್ಟದಿಂದ. ಮುನ್ ಮೇಲೆ ಸಮುದ್ರವೇ ಇಲ್ಲ! ಒಂದು ಕಲ್ಪನೆಯ ಮಟ್ಟದಿಂದ ಅಳೆಯುತ್ತಾರೆ. ಮುನ್‌ನ ಗುಡ್ಡಗಳು 7 ಕಿ.ಮೀ.ವರೆಗೂ ಇವೆ. ಪರದೆ 4000 ಮೀಟರ್ ಅನ್ನುವಾಗ ನಿಮ್ಮ ಕಾಲ ಕೆಳಗೆ ನೆಲ 300 ಮೀಟರಿನಲ್ಲೇ ಇರಬಹುದು. ನೋಟ್‌ಬುಕ್ಕಿನಲ್ಲಿ 'ಎತ್ತರ 3,700, ಒಡೆಯಿತು' ಅಂತ ಬರೆದ ಸಾಲು ಇದೆ. ಬರೆಯುವಾಗ ನನಗೆ ಅರ್ಥವೇ ಆಗಿರಲಿಲ್ಲ. ನೆಲದಿಂದ ಅಳೆಯುವ ಮೀಟರ್ ನೌಕೆಯ ಒಳಗಿನ ಡ್ಯಾಶ್‌ಬೋರ್ಡಿನಲ್ಲಿ ಇದೆ, ಈಚಿನ ಆವೃತ್ತಿಗಳಲ್ಲಿ ಮೇಲಿನ ಅಂಕಿಯನ್ನೇ ಬದಲಾಯಿಸಬಹುದು. ಅದಿಲ್ಲದಿದ್ದರೆ ನೆರಳು ನೋಡಿ. ಬಿಸಿಲಿರುವ ಕಡೆ ಇಳಿದರೆ ನೌಕೆಯ ನೆರಳು ದೂರದಿಂದ ಬರುತ್ತಾ ಕಾಲಿನ ಹತ್ತಿರ ಸೇರುತ್ತದೆ.

ಇದು ಆಟಗಾರರ ತಪ್ಪು ಮಾತ್ರ ಅಂದುಕೊಳ್ಳಬೇಡಿ. 2023ರ ಏಪ್ರಿಲ್ 26ರಂದು ಜಪಾನಿನ ಐಸ್ಪೇಸ್ ಕಂಪನಿಯ ಹಕುಟೊ-ಆರ್ ನೌಕೆ ನಿಜವಾದ ಚಂದ್ರನ ಮೇಲೆ ಇಳಿಯುತ್ತಿತ್ತು. ದಾರಿಯಲ್ಲಿ ಒಂದು ದೊಡ್ಡ ಕುಳಿಯ ಅಂಚು ಬಂತು. ಅದನ್ನು ದಾಟಿದ ಕೂಡಲೇ ಕೆಳಗಿನ ನೆಲ ಸುಮಾರು 3 ಕಿ.ಮೀ. ತಗ್ಗಿಗೆ ಹೋಯಿತು. ಎತ್ತರ ಅಳೆಯುವ ಸಾಧನ ಸರಿಯಾಗಿಯೇ ಹೇಳಿತು. ಆದರೆ ಅಂಕಿ ಇದ್ದಕ್ಕಿದ್ದಂತೆ ಅಷ್ಟು ಬದಲಾದದ್ದನ್ನು ನೋಡಿ ಸಾಫ್ಟ್‌ವೇರ್ ಸಾಧನವೇ ಕೆಟ್ಟಿದೆ ಅಂದುಕೊಂಡಿತು, ಅದರ ಮಾತನ್ನು ಬದಿಗಿಟ್ಟಿತು. ನೆಲ ಮುಟ್ಟಿದೆ ಎಂದು ನೌಕೆ ತಿಳಿದುಕೊಂಡಾಗ ನಿಜವಾಗಿ ಅದು 5 ಕಿ.ಮೀ. ಮೇಲಿತ್ತು. ಅಲ್ಲೇ ಮೆಲ್ಲಗೆ ಇಳಿಯುತ್ತಾ ಇಂಧನ ಮುಗಿಸಿತು, ಆಮೇಲೆ ಬಿತ್ತು. ಆ ವರದಿ ಓದಿದಾಗ ನನಗೆ ನೋಟ್‌ಬುಕ್ಕಿನ ಆ ಸಾಲು ನೆನಪಾಗಿ ಮನಸ್ಸು ಭಾರವಾಯಿತು. ಅಷ್ಟು ಜನ ಅಷ್ಟು ವರ್ಷ ದುಡಿದ ನೌಕೆ. ಅವರಿಗೆ ಮತ್ತೆ ಸೇವ್ ಮಾಡಿದ ಕಡೆಗೆ ಹಿಂತಿರುಗುವ ಎಫ್ 9 ಕೀಲಿ ಇಲ್ಲ.

ಮೆಲ್ಲಗೆ ಇಳಿಯುವುದೇ ಸುರಕ್ಷಿತ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಒಂದು ಲೆಕ್ಕ ಮಾಡೋಣ. ಮುನ್‌ನ ಸೆಳೆತ ಸೆಕೆಂಡಿಗೆ 1.63 ಮೀಟರ್ ವೇಗವನ್ನು ಪ್ರತಿ ಸೆಕೆಂಡೂ ಸೇರಿಸುತ್ತದೆ. ನೌಕೆ ನೆಲದಿಂದ 5 ಕಿ.ಮೀ. ಮೇಲೆ ಅಡ್ಡ ವೇಗ ಇಲ್ಲದೆ ನಿಂತಿದೆ ಅನ್ನಿ. ಸೆಕೆಂಡಿಗೆ 10 ಮೀಟರಿನಂತೆ ಹುಷಾರಾಗಿ ಇಳಿದರೆ 500 ಸೆಕೆಂಡು ಬೇಕು. ಆ 500 ಸೆಕೆಂಡೂ ಎಂಜಿನ್ ಸೆಳೆತದ ವಿರುದ್ಧ ನೌಕೆಯನ್ನು ಹೊತ್ತುಕೊಂಡಿರಬೇಕು. 500 ಸಲ 1.63, ಒಟ್ಟು ಸೆಕೆಂಡಿಗೆ 815 ಮೀಟರ್ ವೇಗಕ್ಕೆ ಬೇಕಾದಷ್ಟು ಇಂಧನ ಖರ್ಚು.

ಈಗ ಬೇರೆ ದಾರಿ. ನಿಮ್ಮ ಎಂಜಿನ್ ಪ್ರತಿ ಸೆಕೆಂಡಿಗೆ 5 ಮೀಟರ್ ವೇಗ ಬದಲಿಸಬಲ್ಲದು ಅನ್ನಿ. ಎಂಜಿನ್ ಆರಿಸಿ ಬೀಳಲು ಬಿಡಿ. ನೆಲ 1,630 ಮೀಟರ್ ದೂರ ಇರುವಾಗ ಪೂರ್ತಿ ಉರಿಸಿ. ಆ ಹೊತ್ತಿಗೆ ವೇಗ ಸೆಕೆಂಡಿಗೆ ಸುಮಾರು 105 ಮೀಟರ್. 31 ಸೆಕೆಂಡಿನಲ್ಲಿ, ಸರಿಯಾಗಿ ನೆಲದ ಹತ್ತಿರ, ನೌಕೆ ನಿಲ್ಲುತ್ತದೆ. ಅದೇ ಲೆಕ್ಕದಲ್ಲಿ ಖರ್ಚು 155. ಮೊದಲಿನದರ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ! ಮುನ್‌ನಿಂದ ಮತ್ತೆ ಮೇಲೇರಿ ಸುತ್ತಲು ಸುಮಾರು 580 ಬೇಕು. ಅಂದರೆ ಹುಷಾರಾಗಿ ಇಳಿದವನು ಮನೆಗೆ ಬರುವ ಇಂಧನವನ್ನು ದಾರಿಯಲ್ಲೇ ಕಳೆದುಕೊಂಡಿರುತ್ತಾನೆ.

ಆಟಗಾರರು ಇದನ್ನು ಸುಯಿಸೈಡ್ ಬರ್ನ್ ಅನ್ನುತ್ತಾರೆ. ಹೆಸರು ನನಗೆ ಹಿಡಿಸುವುದಿಲ್ಲ, ಲೆಕ್ಕ ಹಿಡಿಸುತ್ತದೆ. ಹೊಸಬರಿಗೆ ನನ್ನ ಸಲಹೆ ಬೇರೆ: 1,630ರಲ್ಲಿ ಉರಿಸಬೇಕಾದ ಕಡೆ 2,200ರಲ್ಲೇ ಉರಿಸಿ, ಒಂದಷ್ಟು ಇಂಧನ ಹೋಗಲಿ. ಮತ್ತೆ ಮೊದಲ ಸಲಕ್ಕೆ ಮುನ್ ಬೇಡ, ಮಿನ್ಮಸ್‌ಗೆ ಹೋಗಿ. ಅದು ಕರ್ಬಿನ್‌ನ ಇನ್ನೊಂದು ಉಪಗ್ರಹ, ದೂರ ಜಾಸ್ತಿ, ಆದರೆ ಸೆಳೆತ ತುಂಬಾ ಕಡಿಮೆ. ಅಲ್ಲಿನ ಬಯಲುಗಳು ಕೆರೆಯ ನೀರಿನಂತೆ ಸಮ, ಎತ್ತರ ಸರಿಯಾಗಿ ಸೊನ್ನೆ. ಪರದೆಯ ಅಂಕಿ ಅಲ್ಲಿ ನಿಜ ಹೇಳುತ್ತದೆ.

ಈ ಆಟ ಆಡಿದ ಮೇಲೆ ನಾನು 2023ರ ಆಗಸ್ಟ್ 23ರ ಸಂಜೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರದ ದೊಡ್ಡ ಪರದೆಯಲ್ಲಿ ಗೆರೆಯ ಮೇಲೆ ಚಂದ್ರಯಾನ-3ರ ವಿಕ್ರಮ್ ನೌಕೆಯ ಗುರುತು ಜಾರುತ್ತಿತ್ತು. ಮನೆಯವರೆಲ್ಲ ಎತ್ತರದ ಅಂಕಿ ನೋಡುತ್ತಿದ್ದರು. ನಾನು ಅಡ್ಡ ವೇಗ ನೋಡುತ್ತಿದ್ದೆ. ಶುರುವಿನಲ್ಲಿ 30 ಕಿ.ಮೀ. ಎತ್ತರ, ಅಡ್ಡ ವೇಗ ಸೆಕೆಂಡಿಗೆ 1.68 ಕಿ.ಮೀ. ಆಟದ ಮುನ್‌ಗಿಂತ ಮೂರು ಪಟ್ಟು. ಮುನ್‌ನ ತ್ರಿಜ್ಯ 200 ಕಿ.ಮೀ., ನಿಜವಾದ ಚಂದ್ರನದು 1,737. ಅದಕ್ಕೇ ಆ ವ್ಯತ್ಯಾಸ. ಆದರೆ ನೆಲದ ಮೇಲಿನ ಸೆಳೆತ ಎರಡರಲ್ಲೂ ಬಹುತೇಕ ಒಂದೇ. ಹಾಗಾಗಿ ಕೊನೆಯ ಕೆಲವು ನೂರು ಮೀಟರ್ ನನ್ನ ಕೈಗೆ ಗೊತ್ತಿತ್ತು. ರಫ್ ಬ್ರೇಕಿಂಗ್ ಎಂಬ ಮೊದಲ ಹಂತವೇ 690 ಸೆಕೆಂಡು. ಹನ್ನೊಂದೂವರೆ ನಿಮಿಷ ಬರೀ ಅಡ್ಡ ಓಟವನ್ನು ಕಳೆಯುವುದಕ್ಕೆ! ಆಮೇಲೆ ನೌಕೆ ಮೆಲ್ಲಗೆ ಎದ್ದು ನೆಟ್ಟಗಾಯಿತು. 150 ಮೀಟರಿನಲ್ಲಿ ನಿಂತು ಕೆಳಗೆ ಕಲ್ಲು, ಹಳ್ಳ ಇವೆಯೇ ಅಂತ ನೋಡಿತು. 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಅಲ್ಲಿ ಯಾರ ಬೆರಳೂ ಕೀಲಿಯ ಮೇಲೆ ಇರಲಿಲ್ಲ. ಆ ಹೊತ್ತಿನಲ್ಲಿ ಎಲ್ಲವನ್ನೂ ವಿಕ್ರಮ್ ತಾನೇ ಮಾಡಬೇಕಿತ್ತು.

ಅದಕ್ಕೆ ನಾಲ್ಕು ವರ್ಷ ಮೊದಲು, 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರಯಾನ-2ರ ವಿಕ್ರಮ್ ಬಿದ್ದಿತ್ತು. ಆಮೇಲೆ ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಕಾರಣ ವಿವರಿಸಿದರು. ಐದು ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ತಳ್ಳಿದವು. ತಪ್ಪುಗಳು ಕೂಡುತ್ತಾ ಹೋದವು. ಅದನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಾಯಿತು, ಆದರೆ ಎಷ್ಟು ಬೇಗ ತಿರುಗಬಹುದು ಎಂಬುದಕ್ಕೆ ಮಿತಿ ಇತ್ತು. ಇಳಿಯಬೇಕಾದ ಜಾಗವೂ 500 ಮೀಟರ್ ಉದ್ದಗಲದ ಚಿಕ್ಕ ತುಂಡು. ಮುಂದಿನ ಸಲ ಎಂಜಿನ್ ನಾಲ್ಕು ಮಾಡಿದರು, ಇಂಧನ ಹೆಚ್ಚಿಸಿದರು, ಕಾಲು ಗಟ್ಟಿ ಮಾಡಿದರು, ಜಾಗವನ್ನು 4 ಕಿ.ಮೀ.ಗೆ 2.4 ಕಿ.ಮೀ.ಯಷ್ಟು ಅಗಲಿಸಿದರು.

ಕಾಲು ಅಂದಾಗ ನೆನಪಾಯಿತು. ನೌಕೆ ಕಟ್ಟುವಾಗ ಕುಳ್ಳಗೆ ಕಟ್ಟಿ, ಕಾಲುಗಳನ್ನು ಅಗಲವಾಗಿಡಿ. ಎತ್ತರದ ನೌಕೆ ಇಳಿಜಾರಿನಲ್ಲಿ ಮಗುಚುತ್ತದೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಒಡಿಸಿಯಸ್ ಚಂದ್ರನ ಮೇಲೆ ಇಳಿದು ಓರೆಯಾಗಿ ವಾಲಿಕೊಂಡಿತು. ಇಳಿಯುವಾಗ ಅದಕ್ಕೂ ಸ್ವಲ್ಪ ಅಡ್ಡ ವೇಗ ಉಳಿದಿತ್ತು.

ನಾನು ಮೊದಲ ಸಲ ಇಳಿದದ್ದು ಇಪ್ಪತ್ತನೇ ರಾತ್ರಿ. ಇಳಿಯುವ ವೇಗ ಸೆಕೆಂಡಿಗೆ 3 ಮೀಟರ್. ನೌಕೆ ಒಂದು ಸಲ ಕುಪ್ಪಳಿಸಿ ನಿಂತಿತು. ಧೂಳು ಅಡಗುವವರೆಗೂ ನಾನು ಕೀಲಿಮಣೆ ಮುಟ್ಟಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಸಾಲಿನಲ್ಲಿ ಅಂಕಿಗಳಷ್ಟೇ ಇವೆ, ಅಡ್ಡ ವೇಗದ ಕೆಳಗೆ ಸೊನ್ನೆ.

ಸರಿ, ಮಾತು ಇಷ್ಟು ಸಾಕು. ಈ ಪರದೆಯ ನೌಕೆ 15 ಕಿ.ಮೀ. ಮೇಲಿದೆ, ಓಟ 550 ಮೀಟರ್. ಎಫ್ 5 ಒತ್ತಿ ಸೇವ್ ಮಾಡಿದ್ದೇನೆ, ಒಡೆದರೆ ಮತ್ತೆ ಇಲ್ಲಿಂದಲೇ. ಎಂಜಿನ್ ಪೂರ್ತಿ ಉರಿಸಲು ಜೆಡ್, ಆರಿಸಲು ಎಕ್ಸ್. ಹಿಂದಿನ ಸಾಲಿನಲ್ಲಿ ನಿಂತಿರುವ ಹುಡುಗಿ, ಮೊದಲು ನೀನು ಬಾರಮ್ಮ.