ಬಾಡಿದ ಗಿಡವನ್ನು ಕಿತ್ತೆಸೆಯುವ ಮೊದಲು

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ಅಕ್ಕ ನನ್ನನ್ನು ನಿಲ್ಲಿಸಿ ಕೇಳಿದರು: "ನಿನ್ನೆ ಚೆನ್ನಾಗಿದ್ದ ಟೊಮೆಟೊ ಗಿಡ ಇವತ್ತು ಜೋತುಬಿದ್ದಿದೆ. ನೀರು ಕಮ್ಮಿ ಆಯ್ತಾ?" ಹಿತ್ತಲಿನ ತರಕಾರಿ ಬಗ್ಗೆ ಏನೇನೋ ಹೇಳಬೇಕೆಂದು ಬಂದಿದ್ದೆ. ಈಗ ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಹನ್ನೆರಡು ಗಿಡ, ತುಂಬಾ ಕಾಯಿ, ಇನ್ನೇನು ಬಣ್ಣ ತಿರುಗಬೇಕು. ಒಂದು ಮಧ್ಯಾಹ್ನ ತುದಿ ಎಲೆ ಬಾಡಿತು. ಹಳದಿಯಾಗಿರಲಿಲ್ಲ, ಹಸಿರಾಗೇ ಇತ್ತು. ಬಿಸಿಲಿನ ಝಳ ಇರಬೇಕೆಂದು ಇನ್ನೂ ಎರಡು ಕೊಡ ನೀರು ಸುರಿದೆ. ವಾರದೊಳಗೆ ಒಂಬತ್ತು ಗಿಡ ಹೋದವು. ನಮ್ಮತ್ತೆ ಬೀಜ ಹಾಕಿ ಎಬ್ಬಿಸಿದ ಸಸಿಗಳು ಅವು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅದು ದುಂಡಾಣು ಸೊರಗು ರೋಗ. ಕಂಡುಹಿಡಿಯಲು ಒಂದು ಗಾಜಿನ ಲೋಟ ಸಾಕು. ಬುಡದ ಹತ್ತಿರದ ಕಾಂಡವನ್ನು ಗೇಣುದ್ದ ಕತ್ತರಿಸಿ. ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ಮಣ್ಣಿನಲ್ಲಿರುವ ದುಂಡಾಣು ಬೇರಿನಿಂದ ಒಳಹೊಕ್ಕು, ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಬುಡದಲ್ಲಿ ನೀರಿದ್ದರೂ ಗಿಡಕ್ಕೆ ಸಿಗುವುದಿಲ್ಲ. ನಾನು ಸುರಿದ ನೀರು ಹರಿದು ಪಕ್ಕದ ಗಿಡಕ್ಕೂ ರೋಗ ಒಯ್ದಿತು.

ಔಷಧಿ ಇದೆಯಾ ಅಂತ ಕೇಳುತ್ತೀರಿ, ಅಲ್ವಾ? ರೋಗ ಹಿಡಿದ ಗಿಡ ಉಳಿಯುವುದಿಲ್ಲ. ಸುಮ್ನೆ ದುಡ್ಡು ಕಳೆಯಬೇಡಿ. ಬೇರುಸಮೇತ ಕಿತ್ತು, ಒಣಗಿಸಿ ಸುಡಿ. ಗೊಬ್ಬರದ ಗುಂಡಿಗಂತೂ ಹಾಕಲೇಬೇಡಿ. ಕತ್ತಿ, ಗುದ್ದಲಿ ಚೆನ್ನಾಗಿ ತೊಳೆಯಿರಿ. ಆ ಪಾತಿಯಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ, ಎಲ್ಲವೂ ಟೊಮೆಟೊ ಬಳಗದವೇ. ಮುಸುಕಿನ ಜೋಳ, ಅಲಸಂದೆ ಹಾಕಿ.

ಟೊಮೆಟೊ ಬೇಕೇ ಬೇಕು ಅನ್ನುವವರು ಬೇರೆ ಜಾಗದಲ್ಲಿ, ನೀರು ನಿಲ್ಲದ ಎತ್ತರದ ಮಡಿಯಲ್ಲಿ 'ಅರ್ಕಾ ರಕ್ಷಕ್' ಹಾಕಿ ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಸೊರಗು ರೋಗ, ಎಲೆ ಮುಟುರು ನಂಜು, ಎಲೆಚುಕ್ಕೆಯ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುತ್ತದೆ. ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ.

ಬದನೆಗೆ ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ಬೇಲಿ ಬದಿಯ ಕಾಡುಸುಂಡೆ ಗೊತ್ತಲ್ಲ? ಅದರ ಬೇರು ಗಟ್ಟಿ, ಈ ರೋಗಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಮೇಲೆ ಬದನೆ ಕುಡಿ ಕಸಿ ಕಟ್ಟಬಹುದು. ನಾನು ಐದು ಕಟ್ಟಿದೆ, ಮೂರು ಒಣಗಿದವು. ಉಳಿದೆರಡು ಈಗಲೂ ಕಾಯಿ ಕೊಡುತ್ತಿವೆ.

ಅಕ್ಕ, ನೀವು ಮನೆಗೆ ಹೋದ ತಕ್ಷಣ ಲೋಟದಲ್ಲಿ ನೋಡಿ. ಎಳೆ ಇಳಿದರೆ, ಆ ಗಿಡದಿಂದ ಮುಂದಿನ ಗಿಡಕ್ಕೆ ನೀರು ಹರಿಯುವ ಕಾಲುವೆಯನ್ನು ಇವತ್ತೇ ಮುಚ್ಚಿ.