ನೋಡದ ಊರಿನ ಪತ್ತೇದಾರ

ಕೇಳುಗರಿಗೆ ನಮಸ್ಕಾರ.

1964ರಲ್ಲಿ ಲಂಡನ್ನಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಹೊರಬಂತು. ಹೆಸರು 'ದ ಪರ್ಫೆಕ್ಟ್ ಮರ್ಡರ್'. ಕಥೆ ನಡೆಯುವುದು ಬೊಂಬಾಯಿಯಲ್ಲಿ. ಬೆವರಿಳಿಸುವ ಸೆಖೆ, ಜನಜಂಗುಳಿ, ಪೊಲೀಸ್ ಕಚೇರಿಯ ಫೈಲುಗಳು, ದುಡ್ಡಿನ ಕುಳಗಳು, ಮಂತ್ರಿಯ ದರ್ಬಾರು, ಎಲ್ಲ ಇದೆ. ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘ ಕೊಡುವ ಗೋಲ್ಡ್ ಡ್ಯಾಗರ್, ಅಂದರೆ ಚಿನ್ನದ ಕಠಾರಿ, ಆ ವರ್ಷ ಈ ಪುಸ್ತಕಕ್ಕೇ ಸಿಕ್ಕಿತು. ಬರೆದವರು ಎಚ್.ಆರ್.ಎಫ್. ಕೀಟಿಂಗ್. ಅವರು ಬೊಂಬಾಯಿಯನ್ನು ನೋಡಿರಲಿಲ್ಲ. ಬೊಂಬಾಯಿ ಹಾಗಿರಲಿ, ಭಾರತದ ನೆಲಕ್ಕೇ ಕಾಲಿಟ್ಟಿರಲಿಲ್ಲ. ಮುಂದೆ ಹತ್ತು ವರ್ಷ ಹಾಗೇ ಬರೆಯುತ್ತಾ ಹೋದರು.

ನಾನು ಕೀಟಿಂಗ್ ಅವರನ್ನು ಮೊದಲು ಓದಿದ್ದು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ಒಂದು ಪ್ರತಿಯಲ್ಲಿ. ಲೇಖಕರ ಪರಿಚಯದ ಪುಟವೇ ಇರಲಿಲ್ಲ. ಬೊಂಬಾಯಿ ಪೊಲೀಸಿನಲ್ಲಿ ಮೂವತ್ತು ವರ್ಷ ಸವೆಸಿ, ಪಿಂಚಣಿ ತೆಗೆದುಕೊಂಡು ಊರಿಗೆ ಮರಳಿದ ಯಾರೋ ದೊರೆ ಬರೆದಿರಬೇಕು ಅಂದುಕೊಂಡಿದ್ದೆ. ನಿಜ ಗೊತ್ತಾದಾಗ ಮೊದಲು ನಗು ಬಂತು. ಸ್ವಲ್ಪ ಸಿಟ್ಟೂ ಬಂತು ಅನ್ನಿ. ಆಮೇಲೆ ಮತ್ತೆ ಓದಿದೆ. ಆ ಎರಡನೇ ಓದಿನಲ್ಲಿ ಹೊಳೆದದ್ದನ್ನೇ ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಹೆನ್ರಿ ರೇಮಂಡ್ ಫಿಟ್ಜ್‌ವಾಲ್ಟರ್ ಕೀಟಿಂಗ್ ಹುಟ್ಟಿದ್ದು 1926ರ ಅಕ್ಟೋಬರ್ 31ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೇಂಟ್ ಲೆನರ್ಡ್ಸ್ ಎಂಬ ಊರಿನಲ್ಲಿ. ಯುದ್ಧ ಮುಗಿಯುವ ಹೊತ್ತಿಗೆ ಸೈನ್ಯದಲ್ಲಿದ್ದರು. ಆಮೇಲೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜು, ಅದಾದ ಮೇಲೆ ಪತ್ರಿಕೆಗಳ ಕೆಲಸ. 1953ರಲ್ಲಿ ಶೀಲಾ ಮಿಚೆಲ್ ಎಂಬ ರಂಗನಟಿಯನ್ನು ಮದುವೆಯಾದರು. ಇವರ ಓದಿನ ಹುಚ್ಚು ನೋಡಿ, ಸದಾ ಪತ್ತೇದಾರಿ ಕಥೆ ಓದುತ್ತೀರಲ್ಲ, ನೀವೇ ಒಂದು ಬರೆಯಬಾರದೇ ಎಂದು ಚುಚ್ಚಿದವರು ಆಕೆಯೇ. ಮೊದಲ ಪುಸ್ತಕ 1959ರಲ್ಲಿ ಬಂತು. ಅದರ ಬೆನ್ನಿಗೇ ಇನ್ನೂ ಕೆಲವು ಬಂದವು. ಇಂಗ್ಲೆಂಡಿನಲ್ಲಿ ಒಳ್ಳೆಯ ಮಾತೇ ಕೇಳಿಬಂತು. ಆದರೆ ಅಮೆರಿಕದ ಪ್ರಕಾಶಕರು ಒಪ್ಪಲಿಲ್ಲ. ಇದು ತೀರಾ ಇಂಗ್ಲಿಷರ ಮನೆಯೊಳಗಿನ ಸಂಗತಿ, ನಮ್ಮವರಿಗೆ ರುಚಿಸದು ಅಂದರು.

ಬರವಣಿಗೆಯಿಂದಲೇ ಸಂಸಾರ ನಡೆಯಬೇಕಾದವನಿಗೆ ಅಮೆರಿಕದ ಮಾರುಕಟ್ಟೆ ಬೇಕೇ ಬೇಕು. ಹಾಗಾದರೆ ಕಥೆಯನ್ನು ಇಂಗ್ಲೆಂಡಿನಿಂದ ಆಚೆ ಒಯ್ಯೋಣ ಎಂದುಕೊಂಡು ಅಟ್ಲಾಸ್ ತಿರುವಿದರು. ಕಣ್ಣು ಹೋಗಿ ನಿಂತದ್ದು ಬೊಂಬಾಯಿಯ ಮೇಲೆ. ಭಾರತದ ಮೇಲಿನ ಭಕ್ತಿಯೂ ಅಲ್ಲ, ಋಷಿಮುನಿಗಳ ಸೆಳೆತವೂ ಅಲ್ಲ, ಪಕ್ಕಾ ವ್ಯಾಪಾರದ ಲೆಕ್ಕ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ.

ಲಂಡನ್ನಿನ ನಾಟಿಂಗ್ ಹಿಲ್‌ನ ಮನೆಯಲ್ಲಿ ಕೂತು ಬೊಂಬಾಯಿಯನ್ನು ಕಟ್ಟಬೇಕಲ್ಲ. ಪುಸ್ತಕ ಓದಿದರು, ಪತ್ರಿಕೆ ಓದಿದರು, ಸಿನಿಮಾ ನೋಡಿದರು, ಬಲ್ಲವರನ್ನು ಕೇಳಿದರು. ಪತ್ತೇದಾರನಿಗೆ ಮೊದಲು ಇಡಹೊರಟ ಹೆಸರು ಘೋಷ್. ಅದು ಬಂಗಾಳಿಗಳ ಹೆಸರು, ಬೊಂಬಾಯಿ ಪೊಲೀಸಿನವನಿಗೆ ಒಗ್ಗುವುದಿಲ್ಲ ಎಂದು ತಿಳಿದವರೊಬ್ಬರು ಹೇಳಿದ ಮೇಲೆ ಘೋಷ್ ಹೋಗಿ ಘೋಟೆ ಬಂದ. ಇನ್‌ಸ್ಪೆಕ್ಟರ್ ಗಣೇಶ ಘೋಟೆ, ಬೊಂಬಾಯಿ ಸಿ.ಐ.ಡಿ. ಒಂದಕ್ಷರ ತಪ್ಪಿದ್ದರೆ ಇಡೀ ಸರಣಿಯೇ ನಗೆಪಾಟಲಾಗುತ್ತಿತ್ತು.

ಹಾಗಂತ ಎಲ್ಲ ತಪ್ಪೂ ಸಿಕ್ಕಿಬೀಳಲಿಲ್ಲ. ಮೊದಲ ಕಾದಂಬರಿಯ ಸಾಹುಕಾರನ ಹೆಸರು ಲಾಲಾ ವರ್ದೆ. ನಮ್ಮ ಕಿವಿಗೆ ಇದು ತಕ್ಷಣ ಕೊಂಚ ಕುಟುಕುತ್ತದೆ. ಲಾಲಾ ಎಂದು ಕರೆಯುವುದು ಉತ್ತರದ ಕಡೆಯ ಸೇಠ್‌ಗಳನ್ನು. ವರ್ದೆ ಅಂದರೆ ಮರಾಠಿ, ಕೊಂಕಣಿ ಸೀಮೆಯ ಅಡ್ಡಹೆಸರು. ಎರಡನ್ನೂ ಸೇರಿಸಿದರೆ ಬಾಲಾಜಿ ಸಿಂಗ್ ಗೌಡ ಅಂದ ಹಾಗೆ. ಇದೇ ಕಾದಂಬರಿಯನ್ನು 1988ರಲ್ಲಿ ಮರ್ಚೆಂಟ್ ಐವರಿ ಎಂಬ ಚಿತ್ರಸಂಸ್ಥೆಯವರು ಸಿನಿಮಾ ಮಾಡಿದರು. ಘೋಟೆಯಾಗಿ ನಾಸಿರುದ್ದೀನ್ ಶಾ, ಸಾಹುಕಾರನಾಗಿ ಅಮ್ಜದ್ ಖಾನ್. ಅದರಲ್ಲಿ ಆ ಸಾಹುಕಾರ ಸದ್ದಿಲ್ಲದೆ ಲಾಲಾ ಹೀರಾ ಲಾಲ್ ಆಗಿಬಿಟ್ಟ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್ ಇದ್ದ ಮೇಲೆ ಹಾಗಾಗುವುದು ಸಹಜವೇ.

ಸರಿ, ಇಷ್ಟೇ ಆಗಿದ್ದರೆ ಕೀಟಿಂಗ್ ಅವರನ್ನು ಒಂದು ತಮಾಷೆಯಾಗಿ ಮರೆತುಬಿಡಬಹುದಿತ್ತು. ಅವರನ್ನು ಉಳಿಸಿದವನು ಘೋಟೆ.

ಪತ್ತೇದಾರ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸೋಲನ್ನೇ ಕಾಣದ ಮನುಷ್ಯ. ಷರ್ಲಾಕ್ ಹೋಮ್ಸ್ ಹಾಗೆ, ಪೊಯ್ರೊ ಹಾಗೆ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಹಾಗೇ. ಬಂದ, ನೋಡಿದ, ಹಿಡಿದ. ಘೋಟೆ ಹಾಗಲ್ಲ. ಸಣಕಲು ಭುಜ. ಮೇಲಿನವರು ಗದರಿದರೆ ನಾಲಿಗೆ ಒಣಗುತ್ತದೆ. ಮನೆಯಲ್ಲಿ ಹೆಂಡತಿ ಪ್ರತಿಮಾ, ಬಂಗಾಳದವಳು, ಇವನಿಗಿಂತ ಗಟ್ಟಿಗಿತ್ತಿ. ಮಗ ವೇದ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬರಲಾರದ ಗಂಡನಿಗೆ ಮನೆಯಲ್ಲಿ ಎಂಥ ಸ್ವಾಗತ ಸಿಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಕಾದಂಬರಿಯಲ್ಲೇ ಅವನ ಅವಸ್ಥೆ ನೋಡಿ. ಪರ್ಫೆಕ್ಟ್ ಎಂಬುದು ಒಬ್ಬ ಪಾರ್ಸಿ ಮುದುಕನ ಹೆಸರು, ಸಾಹುಕಾರನ ಕಾರ್ಯದರ್ಶಿ. ಯಾರೋ ಹಿತ್ತಾಳೆಯ ದೀಪದ ಕಂಬದಿಂದ ಅವನ ತಲೆಗೆ ಹೊಡೆದಿದ್ದಾರೆ. ಅವನು ಸತ್ತಿಲ್ಲ, ಪ್ರಜ್ಞೆಯಿಲ್ಲದೆ ಬಿದ್ದಿದ್ದಾನೆ. ಆದರೂ ಇಡೀ ಕಚೇರಿ ಅದನ್ನು 'ಪರ್ಫೆಕ್ಟ್ ಕೊಲೆ' ಎಂದೇ ಕರೆಯುತ್ತದೆ. ಕೊಲೆಯಾಗದ ಕೊಲೆ. ಇದು ಸಾಲದು ಎಂಬಂತೆ ಮಂತ್ರಿಯ ಮೇಜಿನ ಮೇಲಿಂದ ಒಂದು ರೂಪಾಯಿ ನೋಟು ಕಾಣೆಯಾಗಿದೆ, ಅದನ್ನೂ ಘೋಟೆಯೇ ಹುಡುಕಬೇಕು. ಒಂದೇ ಒಂದು ರೂಪಾಯಿ! ಮಂತ್ರಿಯದಾದ್ದರಿಂದ ಕೊಲೆಗಿಂತ ಅದೇ ದೊಡ್ಡ ಕೇಸು. ಜೊತೆಗೆ ಯುನೆಸ್ಕೋ ಕಡೆಯಿಂದ ಬಂದ ಒಬ್ಬ ಎತ್ತರದ ಸ್ವೀಡನ್ನಿನವನು. ಭಾರತದ ಪೊಲೀಸರು ಹೇಗೆ ಕೆಲಸ ಮಾಡುತ್ತಾರೆಂದು ಅಭ್ಯಾಸ ಮಾಡುತ್ತಾ ನೆರಳಿನ ಹಾಗೆ ಹಿಂದೆಯೇ ಇರುತ್ತಾನೆ, ಹೆಜ್ಜೆಗೊಂದು ಪ್ರಶ್ನೆ ಕೇಳುತ್ತಾನೆ. ಸರ್ಕಾರಿ ಕಚೇರಿಯಲ್ಲಿ ಒಂದು ವಾರ ದುಡಿದವರಿಗೂ ಇದು ಗೊತ್ತಿರುವ ಲೋಕ. ಇದನ್ನು ಬರೆಯಲು ಬೊಂಬಾಯಿಗೆ ಹೋಗಬೇಕಾಗಿರಲಿಲ್ಲವೇನೋ.

ಘೋಟೆಯ ಕಚೇರಿಯಲ್ಲಿ ಒಂದು ದಪ್ಪ ಪುಸ್ತಕವಿದೆ. ಹಾನ್ಸ್ ಗ್ರೋಸ್ ಎಂಬ ಆಸ್ಟ್ರಿಯಾದ ಪಂಡಿತರ 'ಕ್ರಿಮಿನಲ್ ಇನ್ವೆಸ್ಟಿಗೇಷನ್'. ಇದು ಕಾದಂಬರಿಕಾರರ ಕಲ್ಪನೆಯಲ್ಲ, ನಿಜವಾದ ಗ್ರಂಥ. 1906ರಲ್ಲಿ ಇದರ ಇಂಗ್ಲಿಷ್ ಅನುವಾದ ಅಚ್ಚಾಗಿದ್ದು ಮದರಾಸಿನಲ್ಲಿ. ಭಾರತದ ಪೊಲೀಸರಿಗೂ ವಕೀಲರಿಗೂ ಹೊಂದುವಂತೆ ತಿದ್ದಿದವರು ಮದರಾಸಿನ ಇಬ್ಬರು ವಕೀಲರು. ಕೇಸು ಕೈಮೀರಿದಾಗಲೆಲ್ಲ ಘೋಟೆ ಈ ಗ್ರೋಸ್ ಮಹಾಶಯರನ್ನು ನೆನೆಯುತ್ತಾನೆ, ಸಂಧ್ಯಾವಂದನೆ ಮರೆತವನು ಪುಸ್ತಕ ನೋಡಿ ಮಂತ್ರ ಹೇಳುವ ಹಾಗೆ. ಪುಸ್ತಕದಲ್ಲಿರುವುದಕ್ಕೂ ಕಣ್ಣೆದುರು ನಡೆಯುವುದಕ್ಕೂ ತಾಳೆಯಾಗುವುದಿಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಿ. ಪುಸ್ತಕ ನಂಬಿಕೊಂಡು ಬೊಂಬಾಯಿಯ ಬೀದಿಯಲ್ಲಿ ಅಂಜುತ್ತಾ ಹೆಜ್ಜೆ ಇಡುತ್ತಿರುವವನು ಘೋಟೆ ಒಬ್ಬನೇ ಅಲ್ಲ. ಅವನ ಹಿಂದೆ ನಾಟಿಂಗ್ ಹಿಲ್‌ನಲ್ಲಿ ಕೂತ ಇನ್ನೊಬ್ಬರೂ ಅದನ್ನೇ ಮಾಡುತ್ತಿದ್ದಾರೆ. ನಾನು ಮಾಡುತ್ತಿರುವುದು ಸರಿಯೋ ತಪ್ಪೋ, ಯಾರಾದರೂ ನಕ್ಕಾರೇ, ಬಲ್ಲವರು ಬೈದಾರೇ ಎಂಬ ಅಳುಕು ಇಬ್ಬರದೂ. ತನ್ನ ಅಜ್ಞಾನವನ್ನು ಮುಚ್ಚಿಡಲು ಕೀಟಿಂಗ್ ಒಬ್ಬ ಸರ್ವಜ್ಞ ಪತ್ತೇದಾರನನ್ನು ಸೃಷ್ಟಿಸಬಹುದಿತ್ತು. ಹಾಗೆ ಮಾಡದೆ ಆ ಅಳುಕನ್ನೇ ಎತ್ತಿ ಘೋಟೆಯ ಎದೆಯೊಳಗೆ ಇಟ್ಟರು. ನನ್ನ ಎರಡನೇ ಓದಿನಲ್ಲಿ ಕಂಡದ್ದು ಇದು.

ಕೊನೆಗೂ 1974ರ ಸುಮಾರಿಗೆ ಅವರು ಬೊಂಬಾಯಿಗೆ ಬಂದರು. ಊರನ್ನೇ ನೋಡದೆ ಊರಿನ ಮೇಲೆ ಬರೆಯುವ ಲೇಖಕರ ಸುದ್ದಿ ಕೇಳಿ ಏರ್ ಇಂಡಿಯಾ ಸಂಸ್ಥೆಯೇ ಅವರನ್ನು ಕರೆತಂದಿತು. ಅಷ್ಟು ಹೊತ್ತಿಗೆ ಘೋಟೆಯ ಕಾದಂಬರಿಗಳು ಅರ್ಧ ಡಜನ್ ದಾಟಿದ್ದವು. ಹತ್ತು ವರ್ಷ ಕಾಗದದ ಮೇಲೆ ಓಡಾಡಿದ ಬೀದಿಯಲ್ಲಿ ನಿಜವಾಗಿ ಕಾಲಿಡುವಾಗ ಆ ಮನುಷ್ಯನ ಎದೆ ಎಷ್ಟು ಹೊಡೆದುಕೊಂಡಿರಬೇಡ! ಬರವಣಿಗೆ ನಿಲ್ಲಲಿಲ್ಲ. ನನ್ನ ಕೇಳಿದರೆ, ಭೇಟಿಯ ಆಮೇಲಿನ ಪುಸ್ತಕಗಳಲ್ಲೇ ಹೆಚ್ಚು ಕಸುವಿದೆ.

ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲೆನಿಸಿದ್ದು 1986ರ 'ಅಂಡರ್ ಎ ಮಾನ್ಸೂನ್ ಕ್ಲೌಡ್'. ಮಳೆಗಾಲ, ಬೆಟ್ಟದ ಮೇಲಿನ ಸಣ್ಣ ಠಾಣೆ. ಅಲ್ಲಿಗೆ ತಪಾಸಣೆಗೆ ಬಂದವರು ಕೇಳ್ಕರ್. ಹುಲಿ ಎಂದೇ ಹೆಸರಾದ ಖಡಕ್ ಅಧಿಕಾರಿ, ಘೋಟೆಗೆ ದೇವರ ಸಮಾನ. ಕೈಗೆ ಬಂದ ಕೆಲಸವನ್ನೆಲ್ಲ ಕೆಡಿಸುವ ಒಬ್ಬ ಪೆದ್ದ ಸಾರ್ಜೆಂಟ್ ಮೇಲೆ ಕೇಳ್ಕರ್‌ಗೆ ಸಿಟ್ಟು ನೆತ್ತಿಗೇರಿ, ಮೇಜಿನ ಮೇಲಿದ್ದ ಹಿತ್ತಾಳೆಯ ಮಸಿಕುಡಿಕೆ ಎತ್ತಿ ಬೀಸುತ್ತಾರೆ. ಸಾರ್ಜೆಂಟ್ ಅಲ್ಲೇ ಸಾಯುತ್ತಾನೆ. ಹೊರಗೆ ಧೋ ಎಂದು ಮಳೆ. ಠಾಣೆಯಲ್ಲಿ ಇರುವುದು ಇವರಿಬ್ಬರೇ. ಇಂಥ ಅಧಿಕಾರಿ ಕೈತಪ್ಪಿಹೋದರೆ ಇಲಾಖೆಗೇ ನಷ್ಟ ಎಂದು ಘೋಟೆ ತೀರ್ಮಾನಿಸುತ್ತಾನೆ. ಹೆಣ ಸಾಗಿಸಲು ಕೈಜೋಡಿಸುತ್ತಾನೆ.

ಕೊಂದವರು ಯಾರು ಎಂಬುದು ಮೊದಲ ಅಧ್ಯಾಯಗಳಲ್ಲೇ ಮುಗಿಯಿತು. ಹಾಗಾದರೆ ಪತ್ತೆ ಏನನ್ನು? ಕಾಲ ಕಳೆದು ವಿಚಾರಣೆ ಎದ್ದಾಗ ಕೇಳ್ಕರ್ ಜೀವ ಕಳೆದುಕೊಳ್ಳುತ್ತಾರೆ, ಕಟಕಟೆಗೆ ಬರುವವನು ಘೋಟೆ. ಸುಳ್ಳು ಹೇಳಿದರೆ ನೌಕರಿ ಉಳಿಯುತ್ತದೆ. ನಿಜ ಹೇಳಿದರೆ ಹೆಂಡತಿ ಮಗ ಬೀದಿಗೆ ಬೀಳುತ್ತಾರೆ. ಇಪ್ಪತ್ತು ಪುಟ ಸುಳ್ಳಿನ ಕಡೆ ವಾಲುತ್ತಾನೆ, ಇಪ್ಪತ್ತು ಪುಟ ನಿಜದ ಕಡೆ. ಕೊನೆಗೆ ಏನು ಮಾಡಿದ ಎಂದು ನಾನು ಹೇಳುವುದಿಲ್ಲ, ಓದಿ. ಪತ್ತೇದಾರಿ ಕಾದಂಬರಿ ಎಂದರೆ ಸಾಹಿತ್ಯದ ಹಿತ್ತಲು ಎಂದು ಮೂಗು ಮುರಿಯುವವರ ಕೈಗೆ ನಾನು ಕೊಡುವ ಪುಸ್ತಕ ಇದು.

ಮರುವರ್ಷ ಘೋಟೆ ಊಟಿಗೆ ಬಂದ. ನಮ್ಮ ಬಂಡೀಪುರ ದಾಟಿ ಘಟ್ಟ ಹತ್ತಿದರೆ ಸಿಗುವ ಅದೇ ಊಟಿ. ಅಲ್ಲಿನ ಕ್ಲಬ್ಬಿನ ಬಿಲಿಯರ್ಡ್ಸ್ ಮೇಜಿನ ಮೇಲೆ ಒಂದು ಹೆಣ. ಸತ್ತವನು ಕ್ಲಬ್ಬಿನ ಚಾಕರಿಯವನು. ಆ ಕ್ಲಬ್ಬಿಗೆ ನಿಜವಾಗಿಯೂ ಸ್ನೂಕರ್ ಆಟದ ಚರಿತ್ರೆಯಲ್ಲಿ ಜಾಗವಿದೆ, ಆಟದ ಆರಂಭದ ನಿಯಮಗಳನ್ನು ಗೋಡೆಗೆ ತೂಗುಹಾಕಿದ್ದು ಅಲ್ಲೇ. ಕಾದಂಬರಿಯಲ್ಲಿ ಅಲ್ಲೊಬ್ಬ ನಿವೃತ್ತ ರಾಯಭಾರಿ ಇದ್ದಾರೆ. ಇಂಗ್ಲಿಷ್ ಪತ್ತೇದಾರಿ ಕಥೆಗಳನ್ನು ಅರೆದು ಕುಡಿದವರು. ನೀವೇ ಮಹಾ ಪತ್ತೇದಾರ, ಎಲ್ಲರನ್ನೂ ಸೇರಿಸಿ ಅಪರಾಧಿಯತ್ತ ಬೆರಳು ತೋರಿಸಿ ಎಂದು ಘೋಟೆಯ ಜೀವ ತಿನ್ನುತ್ತಾರೆ. ಪಾಪ ಘೋಟೆ ಆ ಕಥೆಗಳನ್ನೇ ಓದಿಲ್ಲ. ಕೀಟಿಂಗ್ ತಮ್ಮ ಕಸುಬಿನ ಮೇಲೆ ತಾವೇ ನಕ್ಕ ಪರಿ ಇದು. ಆ ಕಸುಬಿನಲ್ಲಿ ಅವರು ಸಾಮಾನ್ಯರೂ ಆಗಿರಲಿಲ್ಲ. ಹದಿನೈದು ವರ್ಷ ಟೈಮ್ಸ್ ಪತ್ರಿಕೆಗೆ ಅಪರಾಧ ಕಾದಂಬರಿಗಳ ವಿಮರ್ಶೆ ಬರೆದವರು. 1985ರಿಂದ 2000ದವರೆಗೆ ಡಿಟೆಕ್ಷನ್ ಕ್ಲಬ್ಬಿನ, ಅಂದರೆ ಬ್ರಿಟನ್ನಿನ ಪತ್ತೇದಾರಿ ಕಥೆಗಾರರ ಕೂಟದ, ಅಧ್ಯಕ್ಷರು. ಚೆಸ್ಟರ್ಟನ್, ಡೊರೊತಿ ಸೇಯರ್ಸ್, ಅಗಾಥಾ ಕ್ರಿಸ್ಟಿ ಕೂತಿದ್ದ ಕುರ್ಚಿ ಅದು. ಹೊಸ ಸದಸ್ಯರು ಎರಿಕ್ ಎಂಬ ಹೆಸರಿನ ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕು, ನನ್ನ ಪತ್ತೇದಾರ ದೈವವಾಣಿಯನ್ನೋ ಕಾಕತಾಳೀಯವನ್ನೋ ನೆಚ್ಚದೆ ಸ್ವಂತ ಬುದ್ಧಿಯಿಂದಲೇ ಗೆಲ್ಲುತ್ತಾನೆ ಎಂದು. ಬುರುಡೆಯ ಕಣ್ಣಿನ ಗುಳಿಯಲ್ಲಿ ಕೆಂಪು ದೀಪ ಬೇರೆ. ಇಂಗ್ಲಿಷರು ನಗಿಸಲು ಹೊರಟರೂ ಗಂಭೀರವಾಗಿಯೇ ಹೊರಡುತ್ತಾರೆ.

ದೂರು ಹೇಳಬೇಕಾದ್ದೂ ಒಂದಿದೆ. ಘೋಟೆ ಮತ್ತವನ ಸುತ್ತಲಿನವರು ಆಡುವ ಇಂಗ್ಲಿಷ್. ಪ್ರತಿಯೊಂದು ಕ್ರಿಯಾಪದಕ್ಕೂ ಒಂದು 'ಇಂಗ್' ಬಾಲ. ಐ ಆಮ್ ನೋಯಿಂಗ್, ಯು ಆರ್ ಥಿಂಕಿಂಗ್. ನಮ್ಮವರು ಹಾಗೆ ಮಾತಾಡುವುದುಂಟು, ಇಲ್ಲವೆನ್ನಲಾರೆ. ಆದರೆ ಬೊಂಬಾಯಿಯ ಪೊಲೀಸಿನವನು ಮನೆಯಲ್ಲಿ ಹೆಂಡತಿಯ ಜೊತೆ, ಠಾಣೆಯಲ್ಲಿ ಪೇದೆಯ ಜೊತೆ ಇಂಗ್ಲಿಷ್ ಆಡುತ್ತಾನೆಯೇ? ಮರಾಠಿಯಲ್ಲೋ ಹಿಂದಿಯಲ್ಲೋ ನಿರರ್ಗಳವಾಗಿ ಆಡುವವನ ಮಾತನ್ನು ತೊದಲು ಇಂಗ್ಲಿಷಿನಲ್ಲಿ ಬರೆದರೆ ಅವನ ಬುದ್ಧಿಯೇ ತೊದಲುತ್ತಿದೆ ಅನಿಸಿಬಿಡುತ್ತದೆ. ಪ್ರೀತಿಯಿಂದ ಬರೆದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಆ ಸಂಭಾಷಣೆ ಬಂದಾಗ ನಾನು ಸ್ವಲ್ಪ ವೇಗವಾಗಿ ಪುಟ ತಿರುವುತ್ತೇನೆ.

ಅವರ ಉಳಿದ ಬರಹ ಬೇಕಾದಷ್ಟಿದೆ. 1980ರಲ್ಲಿ 'ದ ಮರ್ಡರ್ ಆಫ್ ದ ಮಹಾರಾಜಾ' ಎರಡನೇ ಚಿನ್ನದ ಕಠಾರಿ ತಂದಿತು. ಎವೆಲಿನ್ ಹರ್ವಿ ಎಂಬ ಹೆಸರಿನ ಮರೆಯಲ್ಲಿ ಮೂರು ಕಾದಂಬರಿ ಬರೆದರು. 1996ರಲ್ಲಿ ಜೀವಮಾನದ ಸಾಧನೆಗೆ ಕಾರ್ಟಿಯೆ ಡೈಮಂಡ್ ಡ್ಯಾಗರ್ ಬಂತು. 2000ದಲ್ಲಿ ಘೋಟೆಯನ್ನು ಬದಿಗಿಟ್ಟು ಹ್ಯಾರಿಯೆಟ್ ಮಾರ್ಟೆನ್ಸ್ ಎಂಬ ಇಂಗ್ಲಿಷ್ ಪೊಲೀಸ್ ಅಧಿಕಾರಿಣಿಯ ಸರಣಿಗೆ ಕೈಹಾಕಿದರು. ಆಕೆ ಗಡುಸು ಹೆಂಗಸು, ಘೋಟೆಗೆ ಪೂರಾ ತದ್ವಿರುದ್ಧ.

ಆದರೆ ಘೋಟೆ ಬಿಡಲಿಲ್ಲ. 2008ರಲ್ಲಿ, ಎಂಬತ್ತು ದಾಟಿದ ಮೇಲೆ, ಕೀಟಿಂಗ್ ಮತ್ತೆ ಅವನ ಬಳಿಗೆ ಹೋದರು. ಈ ಸಲ ಮುಂದಕ್ಕಲ್ಲ, ಹಿಂದಕ್ಕೆ. 'ಇನ್‌ಸ್ಪೆಕ್ಟರ್ ಘೋಟೆಯ ಮೊದಲ ಕೇಸು' ಎಂದೇ ಆ ಪುಸ್ತಕದ ಹೆಸರು. ಬಡ್ತಿ ಸಿಕ್ಕಿದ್ದಷ್ಟೇ ಇನ್ನೂ. ಮನೆಯಲ್ಲಿ ಪ್ರತಿಮಾ ತುಂಬಿದ ಬಸುರಿ. ಅಷ್ಟರಲ್ಲಿ ಮೇಲಿನಿಂದ ಕರೆ, ಮಹಾಬಲೇಶ್ವರದಲ್ಲಿ ಒಬ್ಬ ಹೆಂಗಸು ಪ್ರಾಣ ಕಳೆದುಕೊಂಡಿದ್ದಾಳೆ, ಹೋಗಿ ವಿಚಾರಿಸು ಎಂದು. ಹೋಗಲೋ ಬೇಡವೋ ಎಂಬ ಅದೇ ಡೋಲಾಯಮಾನ. ಹೆಂಡತಿಯ ಮುಖ ನೋಡುತ್ತಾನೆ, ಮೇಲಿನವರ ಮಾತು ನೆನೆಯುತ್ತಾನೆ.

2011ರ ಮಾರ್ಚ್ 27ರಂದು ಲಂಡನ್ನಿನಲ್ಲಿ ಕೀಟಿಂಗ್ ತೀರಿಕೊಂಡರು. ಒಂಬತ್ತು ವರ್ಷದ ಮೇಲೆ ಅವರ ಜೀವನಚರಿತ್ರೆ ಬಂತು. ಬರೆದವರು ಶೀಲಾ ಮಿಚೆಲ್, ನೀವೇ ಒಂದು ಬರೆಯಬಾರದೇ ಎಂದು ಅಂದು ಕೇಳಿದ್ದ ಅದೇ ಹೆಂಡತಿ.

ನಮಸ್ಕಾರ.