ಗಂಟೆಗೆ ಹದಿನೇಳು ಸಲ ಬೀಳುವವರು

ಶಿಕ್ಷಕ ಮಿತ್ರರಿಗೆಲ್ಲ ನಮಸ್ಕಾರ.

ನಡೆಯಲು ಕಲಿಯುವ ಮಗುವನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದು ಎಷ್ಟು ಸಲ ಬೀಳುತ್ತದೆ ಎಂದು ಕೂತು ಎಣಿಸಿದವರು ಕಡಿಮೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಅವರ ಜೊತೆಗಾರರು ಎಣಿಸಿದರು. 2012ರಲ್ಲಿ ಆ ಲೆಕ್ಕ ಪ್ರಕಟವಾಯಿತು. 12ರಿಂದ 19 ತಿಂಗಳ ಮಕ್ಕಳು ತಮ್ಮ ಪಾಡಿಗೆ ಆಡಿಕೊಂಡಿದ್ದಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟಿದ್ದರು. 17 ಸಲ ಬಿದ್ದಿದ್ದರು.

ನಮ್ಮ ತರಗತಿಯಲ್ಲಿ ಒಂದು ಮಗು ಗಂಟೆಗೆ 17 ತಪ್ಪು ಮಾಡಿದರೆ ಏನಾಗುತ್ತದೆ? ಪೋಷಕರನ್ನು ಕರೆಸುತ್ತೇವೆ, ಅಲ್ವಾ?

ಪುಟ್ಟ ಮಗು ಬಿದ್ದರೆ ಹೆಚ್ಚು ಪೆಟ್ಟಾಗುವುದಿಲ್ಲ. ಯಾರೂ ಬೈಯುವುದೂ ಇಲ್ಲ. ಎದ್ದು ಮತ್ತೆ ಹೊರಡುತ್ತದೆ. ಇನ್ನೊಂದು ವಿಷಯ ಗಮನಿಸಿ. ಅದು ನೇರವಾಗಿ ನಡೆಯುವುದೇ ಅಪರೂಪ. ನಾಲ್ಕು ಹೆಜ್ಜೆ ಮುಂದೆ, ಒಂದು ಪಕ್ಕಕ್ಕೆ, ಸುಮ್ನೆ ನಿಲ್ಲುವುದು, ತಿರುಗುವುದು. ಒಂದು ಹೆಜ್ಜೆಯಂತೆ ಇನ್ನೊಂದು ಇರುವುದಿಲ್ಲ. ನಾವು ಮಾತ್ರ ಒಂದೇ ಬಗೆಯ ಹತ್ತು ಲೆಕ್ಕ ಕೊಟ್ಟು ಅದನ್ನು ಅಭ್ಯಾಸ ಎನ್ನುತ್ತೇವೆ.

ಅಡಾಲ್ಫ್ ಅವರ ಇನ್ನೊಂದು ಕೆಲಸ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಅಂಬೆಗಾಲಿಡುವ ಮಕ್ಕಳನ್ನು ಇಳಿಜಾರಿನ ಮೇಲ್ತುದಿಯಲ್ಲಿ ಬಿಟ್ಟರು. ಬಿದ್ದರೆ ಹಿಡಿಯಲು ಪಕ್ಕದಲ್ಲೇ ಒಬ್ಬರು ಇರುತ್ತಿದ್ದರು. ಹೊಸದಾಗಿ ಅಂಬೆಗಾಲಿಟ್ಟವರು ಕಡಿದಾದ ಇಳಿಜಾರಿಗೂ ನುಗ್ಗಿಬಿಡುತ್ತಿದ್ದರು. ವಾರಗಳು ಕಳೆದ ಹಾಗೆ ಜಾಣರಾದರು. ಇದು ನನ್ನಿಂದಾಗದು ಎಂದು ಅಂಚಿನಲ್ಲೇ ನಿಲ್ಲುತ್ತಿದ್ದರು. ಆಮೇಲೆ ಅದೇ ಮಕ್ಕಳು ನಡೆಯತೊಡಗಿದರು. ಮತ್ತೆ ಅದೇ ಕಡಿದಾದ ಇಳಿಜಾರು. ನೇರವಾಗಿ ನಡೆದು ಮುಗ್ಗರಿಸಿದರು! ಅಂಬೆಗಾಲಿನಲ್ಲಿ ಕಲಿತದ್ದು ಎರಡು ಕಾಲಿಗೆ ದಾಟಲಿಲ್ಲ. ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು.

ಕೂಡುವ ಲೆಕ್ಕ ಸರಿಯಾಗಿ ಮಾಡುವ ಹುಡುಗಿ, ಅದೇ ಲೆಕ್ಕ ಮಾತಿನ ರೂಪದಲ್ಲಿ ಬಂದಾಗ ಕಣ್ಣು ಕಣ್ಣು ಬಿಡುತ್ತಾಳೆ. "ನಿನ್ನೆ ತಾನೇ ಹೇಳಿಕೊಟ್ಟೆನಲ್ಲ" ಎಂದು ನಮಗೆ ಸಿಟ್ಟು. ಅವಳು ಮರೆತಿಲ್ಲ. ಅವಳ ಪಾಲಿಗೆ ಇದು ಬೇರೆಯೇ ನೆಲ. ಅಲ್ಲೂ ನಾಲ್ಕು ಸಲ ಎಡವಲು ಅವಕಾಶ ಬೇಕು. ಮೊದಲ ಸಲ ಎಡವಿದಾಗಲೇ ಅಂಕ ಕಳೆದರೆ ಅವಳು ಆ ಕಡೆ ಕಾಲಿಡುವುದನ್ನೇ ಬಿಡುತ್ತಾಳೆ.

ಅಚ್ಚರಿಯ ಬಗ್ಗೆ ಒಂದು ಮಾತು. 2015ರಲ್ಲಿ ಏಮಿ ಸ್ಟಾಲ್ ಮತ್ತು ಲೀಸಾ ಫೈಗೆನ್ಸನ್ ಎಂಬ ಸಂಶೋಧಕರು 11 ತಿಂಗಳ ಮಕ್ಕಳಿಗೆ ಸಣ್ಣ ಕಣ್ಕಟ್ಟು ತೋರಿಸಿದರು. ಒಂದು ಚೆಂಡು ಗೋಡೆಯನ್ನು ತೂರಿ ಹೋದಂತೆ ಕಂಡಿತು. ಒಂದು ಆಟಿಕೆ ಕಾರು ಗಾಳಿಯಲ್ಲಿ ನಿಂತಂತೆ ಕಂಡಿತು. ಆಮೇಲೆ ಅವನ್ನು ಮಕ್ಕಳ ಕೈಗೆ ಕೊಟ್ಟರು. ಚೆಂಡು ಸಿಕ್ಕವರು ಅದನ್ನು ಕುಟ್ಟಿ ನೋಡಿದರು. ಕಾರು ಸಿಕ್ಕವರು ಕೆಳಗೆ ಬೀಳಿಸಿ ನೋಡಿದರು. ಮಾತು ಬಾರದ ಕೂಸುಗಳು! ನಿರೀಕ್ಷೆ ಎಲ್ಲಿ ತಪ್ಪಿತೋ ಅಲ್ಲೇ ಪರೀಕ್ಷೆ ಮಾಡಿದವು. ಹಾಗಾಗಿ ಪಾಠಕ್ಕೆ ಮುಂಚೆ "ಏನಾಗಬಹುದು?" ಎಂದು ಮಕ್ಕಳಿಂದ ಊಹೆ ಹೇಳಿಸುವುದು ಸಮಯ ದಂಡವಲ್ಲ. ಊಹೆಯೇ ಇಲ್ಲದಿದ್ದರೆ ಅಚ್ಚರಿ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಎಚ್ಚರಿಕೆ. ಮಗು ತಾನೇ ನಡೆಯಲು ಕಲಿಯುತ್ತದೆ, ಹಾಗೇ ಓದಲೂ ಕಲಿಯುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷವಾಗಿದೆ ಅಷ್ಟೇ. ಅಕ್ಷರವನ್ನು ಯಾರಾದರೂ ಬಿಡಿಸಿ ಹೇಳಿಕೊಡಲೇಬೇಕು. ಮಾತು ಕಲಿಯಲು ಕೂಡ ಮಗುವಿಗೆ ಮನುಷ್ಯರೇ ಬೇಕು. ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಅಮೆರಿಕದ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಕಲಿತರು. ಅದೇ ಮಾತು ಡಿವಿಡಿಯಲ್ಲಿ ಬಂದಾಗ ಕಲಿಯಲಿಲ್ಲ.

ಕೊನೆಯದಾಗಿ, 2017ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗ. ಡಬ್ಬಿಯಿಂದ ಆಟಿಕೆ ತೆಗೆಯಲು ದೊಡ್ಡವರು ಹೆಣಗಾಡಿ ಕೊನೆಗೆ ಗೆದ್ದದ್ದನ್ನು ಕೆಲವು 15 ತಿಂಗಳ ಮಕ್ಕಳು ನೋಡಿದರು. ಇನ್ನು ಕೆಲವರು ಸಲೀಸಾಗಿ ತೆಗೆದದ್ದನ್ನು ನೋಡಿದರು. ನಂತರ ತಮ್ಮದೇ ಆಟಿಕೆ ಕೈಕೊಟ್ಟಾಗ, ಹೆಣಗಾಟ ನೋಡಿದ ಮಕ್ಕಳು ಅದರ ಗುಂಡಿಯನ್ನು ಹೆಚ್ಚು ಸಲ ಒತ್ತಿದರು.

ನಾವು ಬೋರ್ಡಿನ ಮೇಲೆ ಬಿಡಿಸುವ ಲೆಕ್ಕವೆಲ್ಲ ಮನೆಯಲ್ಲೇ ಬಿಡಿಸಿ ತಂದದ್ದು. ವಾರಕ್ಕೊಂದಾದರೂ ನಮಗೇ ಉತ್ತರ ಗೊತ್ತಿಲ್ಲದ ಲೆಕ್ಕವನ್ನು ಮಕ್ಕಳ ಎದುರಿಗೆ ಬಿಡಿಸೋಣ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ಅಳಿಸಿ, ಮತ್ತೆ ಶುರು ಮಾಡೋಣ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.